ಕಟ್ಟಡ ಪ್ರಶ್ನೋತ್ತರ: ಪ್ರಿಂಟ್ ಮಾಡಿದ ಕಾಂಕ್ರೀಟ್ ಗೋಡೆಯ ಬಲ ಅಳೆಯುವ ಬಗೆ

ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 2023ರ ಆಗಸ್ಟ್‌ನಲ್ಲಿ ತ್ರೀಡಿ ಪ್ರಿಂಟಿಂಗ್‌ನಿಂದ ಕಟ್ಟಿದ ಅಂಚೆ ಕಚೇರಿ ತೆರೆಯಿತು. ಆಮೇಲೆ ಕರಾವಳಿಯಲ್ಲೂ ಈ ತಂತ್ರದ ವಿಚಾರಣೆ ಜೋರಾಗಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಅಚ್ಚಿಲ್ಲದೆ, ಪದರದ ಮೇಲೆ ಪದರವಾಗಿ ಎದ್ದ ಗೋಡೆ ಎಷ್ಟು ಗಟ್ಟಿ ಎಂದು ತಿಳಿಯುವುದು ಹೇಗೆ? ಉತ್ತರಗಳಲ್ಲಿ ಬಲವನ್ನು ಎಂಪಿಎ ಲೆಕ್ಕದಲ್ಲಿ ಕೊಟ್ಟಿದ್ದೇವೆ. 1 ಎಂಪಿಎ ಎಂದರೆ ಒಂದು ಚದರ ಮಿಲಿಮೀಟರಿಗೆ 1 ನ್ಯೂಟನ್. ನಳಿಕೆಯಿಂದ ಹೊರಬಂದು ಉದ್ದಕ್ಕೆ ಮಲಗುವ ಗಾರೆಯ ಪಟ್ಟಿಯನ್ನು ‘ಎಳೆ’ ಎಂದು ಕರೆದಿದ್ದೇವೆ.

ಪ್ರಶ್ನೆ: ಗಿರಾಕಿಯೊಬ್ಬರು ಒಂದೇ ಅಂತಸ್ತಿನ ಪ್ರಿಂಟೆಡ್ ಮನೆ ಬೇಕೆನ್ನುತ್ತಿದ್ದಾರೆ. ಯಂತ್ರದವರು ಕೊಟ್ಟ ಕ್ಯೂಬ್ ರಿಪೋರ್ಟಿನಲ್ಲಿ 28 ದಿನಕ್ಕೆ 46 ಎಂಪಿಎ ಇದೆ. ನಾವು ಕೇಳಿದ್ದು ಎಂ30 (28 ದಿನಕ್ಕೆ 30 ಎಂಪಿಎ ಬಲದ ಕಾಂಕ್ರೀಟು). ಇಷ್ಟು ಸಾಕಲ್ಲವೇ? – ಕಟ್ಟಡ ಗುತ್ತಿಗೆದಾರರು, ಕುಂದಾಪುರ

ಸಾಲದು. ಆ 46 ಸುಳ್ಳು ಅಂತಲ್ಲ. ಅದು ಬೇರೆ ವಸ್ತುವಿನ ಬಲ. ಆ ಕ್ಯೂಬನ್ನು ಅಚ್ಚಿಗೆ ಸುರಿದು, ವೈಬ್ರೇಟರ್ ಕೊಟ್ಟು, ಗಾಳಿ ಹೊರಡಿಸಿ, 27 ಡಿಗ್ರಿಯ ನೀರಿನಲ್ಲಿ 28 ದಿನ ಇಟ್ಟು ಒಡೆದಿರುತ್ತಾರೆ. ನಿಮ್ಮ ಗೋಡೆಗೆ ವೈಬ್ರೇಟರ್ ಇಲ್ಲ, ಅಚ್ಚಿಲ್ಲ, ನೀರಿನ ತೊಟ್ಟಿಯೂ ಇಲ್ಲ. ಸುಮಾರು 40ರಿಂದ 60 ಮಿ.ಮೀ. ಅಗಲ, 10ರಿಂದ 20 ಮಿ.ಮೀ. ಎತ್ತರದ ಎಳೆಗಳು ಒಂದರ ಮೇಲೊಂದು ಕೂತು ಗೋಡೆಯಾಗುತ್ತದೆ. ಅದರ ದುರ್ಬಲ ಜಾಗ ಎಳೆಯ ಒಳಗಲ್ಲ, ಎರಡು ಎಳೆಗಳ ನಡುವಿನ ಸಂದಿನಲ್ಲಿ. ಪತ್ರೊಡೆಯ ಹಾಗೆ: ಮೇಲಿನಿಂದ ಒತ್ತಿದರೆ ಗಟ್ಟಿ, ಎಲೆ ಹಿಡಿದು ಎಳೆದರೆ ಪದರ ಬಿಡುತ್ತದೆ. ಕ್ಯೂಬ್ ಪರೀಕ್ಷೆ ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಅಚ್ಚಿನ ಕ್ಯೂಬಿನಲ್ಲಂತೂ ಪದರವೇ ಇಲ್ಲ.

ಒಂದಂತಸ್ತಿನ ಮನೆಯಲ್ಲಿ ಒತ್ತುವ ಭಾರ ಎಷ್ಟಿರುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಿ. 150 ಮಿ.ಮೀ. ಸ್ಲ್ಯಾಬು, ಮೇಲಿನ ಹೊದಿಕೆ, ಬಳಕೆಯ ಭಾರ ಎಲ್ಲ ಸೇರಿ ಚದರ ಮೀಟರಿಗೆ 6.75 ಕಿಲೋನ್ಯೂಟನ್ ಎನ್ನಿ. ಗೋಡೆಗೆ ಎರಡು ಮೀಟರ್ ಅಗಲದ ಸ್ಲ್ಯಾಬಿನ ಪಾಲು ಬಂದರೆ, ಗೋಡೆಯ ಒಂದು ಮೀಟರ್ ಉದ್ದಕ್ಕೆ 13.5 ಕಿಲೋನ್ಯೂಟನ್. 3 ಮೀಟರ್ ಎತ್ತರದ, ಒಟ್ಟು 100 ಮಿ.ಮೀ. ದಪ್ಪದ ಗೋಡೆಯ ಸ್ವಂತ ಭಾರ ಸುಮಾರು 7. ಒಟ್ಟು 20 ಕಿಲೋನ್ಯೂಟನ್ ಚಿಲ್ಲರೆ. ತಳದಲ್ಲಿ ಬೀಳುವ ಒತ್ತಡ ಬರೀ 0.2 ಎಂಪಿಎ. 46 ಇದ್ದರೂ 26 ಇದ್ದರೂ ಈ ಲೆಕ್ಕದಲ್ಲಿ ವ್ಯತ್ಯಾಸವಾಗದು.

ಈಗ ಗಾಳಿಯ ಲೆಕ್ಕ ನೋಡಿ. ಭಾರತೀಯ ಮಾನಕ (ಐಎಸ್) 875ರ 3ನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದರಿಂದ ಬರುವ ಒತ್ತಡ ಚದರ ಮೀಟರಿಗೆ ಸುಮಾರು 0.9 ಕಿಲೋನ್ಯೂಟನ್. 3 ಮೀಟರ್ ಎತ್ತರದ ಗೋಡೆ ಅಡಿಪಾಯಕ್ಕೂ ಸ್ಲ್ಯಾಬಿಗೂ ನಡುವೆ ಬಾಗಿದರೆ ಪ್ರತಿ ಮೀಟರಿಗೆ ಸುಮಾರು 1 ಕಿಲೋನ್ಯೂಟನ್ ಮೀಟರ್ ಬಾಗುಬಲ ಬರುತ್ತದೆ. ಗೋಡೆ 100 ಮಿ.ಮೀ. ಇಡೀ ಗಟ್ಟಿಯಾಗಿದ್ದರೆ ಸಂದಿನ ಮೇಲೆ ಬೀಳುವ ಎಳೆತ 0.6 ಎಂಪಿಎ. ಅದೇ ತಲಾ 50 ಮಿ.ಮೀ.ನ ಎರಡು ಬಿಡಿ ಗೋಡೆಗಳು ನಡುವೆ ಪೊಳ್ಳು ಬಿಟ್ಟು, ಒಂದಕ್ಕೊಂದು ಸರಿಯಾದ ಕೊಂಡಿಯಿಲ್ಲದೆ ನಿಂತಿದ್ದರೆ 1.2 ಎಂಪಿಎ. ಮೇಲಿನ ಭಾರ ಇದರಲ್ಲಿ ಸ್ವಲ್ಪ ಕಳೆಯುತ್ತದೆ, ನಿಜ. ಆದರೆ ನಮ್ಮ ಕಡೆಯ ಹಂಚಿನ ಮಾಡಾದರೆ ಚದರ ಮೀಟರಿಗೆ 0.65 ಕಿಲೋನ್ಯೂಟನ್ ಆಸುಪಾಸಿನ ಭಾರ ಮಾತ್ರ. ಅದು ಗೋಡೆಯನ್ನು ಒತ್ತಿ ಹಿಡಿಯುವುದಿಲ್ಲ. ಸಂದು ಚೆನ್ನಾಗಿ ಬೆಸೆದಿದ್ದರೆ 1.2ನ್ನು ತಡೆದುಕೊಳ್ಳಬಹುದು. ಒಣಗಿದ ಪದರದ ಮೇಲೆ ಮುಂದಿನ ಪದರ ಬಿದ್ದಿದ್ದರೆ ತಡೆಯದೆ ಹೋಗಬಹುದು.

ಆದ್ದರಿಂದ ಯಂತ್ರದವರಿಂದ ಇನ್ನಷ್ಟು ಕಾಗದ ಕೇಳಿ. ಪ್ರಿಂಟ್ ಮಾಡಿದ ಗೋಡೆಯಿಂದಲೇ ಕತ್ತರಿಸಿದ ತುಂಡುಗಳನ್ನು ಮೂರು ದಿಕ್ಕಿನಲ್ಲಿ ಒತ್ತಿದ ಫಲಿತಾಂಶ ಬೇಕು. ಪದರದ ಸಂದು ಎಳೆತಕ್ಕೆ ಸಿಗುವಂತೆ ಮಾಡಿದ ಬಾಗುಪರೀಕ್ಷೆ ಬೇಕು. ಆ ತುಂಡುಗಳಲ್ಲಿ ಒಂದು ಪದರಕ್ಕೂ ಮುಂದಿನದಕ್ಕೂ ಎಷ್ಟು ನಿಮಿಷದ ಅಂತರವಿತ್ತು ಎಂಬುದೂ ಬರೆದಿರಬೇಕು. ಈ ಕೊನೆಯದನ್ನು ಬಿಡಲೇಬೇಡಿ. ಲ್ಯಾಬಿನಲ್ಲಿ ಅರ್ಧ ನಿಮಿಷದ ಅಂತರದಲ್ಲಿ ಪುಟ್ಟ ಗೋಡೆ ಎಬ್ಬಿಸುತ್ತಾರೆ. ನಿಮ್ಮ ಮನೆಯ ಗೋಡೆಗಳ ಒಟ್ಟು ಸುತ್ತು 36 ಮೀಟರ್, ನಳಿಕೆಯ ವೇಗ ಸೆಕೆಂಡಿಗೆ 100 ಮಿ.ಮೀ. ಆದರೆ ಒಂದು ಸುತ್ತಿಗೇ 6 ನಿಮಿಷ. ಅರ್ಧ ನಿಮಿಷದ ಸಂದಿನ ಬಲವನ್ನು 6 ನಿಮಿಷದ ಸಂದಿಗೆ ಹಚ್ಚುವ ಹಾಗಿಲ್ಲ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿಗೆ ಪ್ರಿಂಟ್ ಮಾಡಿದ ಕಾಂಕ್ರೀಟನ್ನು ಪರೀಕ್ಷಿಸಬೇಕಾಗಿದೆ. ಮಾದರಿ ಕತ್ತರಿಸುವ ಸರಿಯಾದ ಕ್ರಮ ಯಾವುದು? ಎಷ್ಟು ಬೇಕು? – ಸಿವಿಲ್ ವಿದ್ಯಾರ್ಥಿಗಳು, ಸುರತ್ಕಲ್

ಮೊದಲು ಒಂದು ಮೀಟರ್ ಉದ್ದದ, ಎರಡು ಎಳೆ ಅಗಲದ, ಕನಿಷ್ಠ 15 ಪದರ ಎತ್ತರದ ನೇರ ಗೋಡೆ ಪ್ರಿಂಟ್ ಮಾಡಿ. ಪದರದ ಎತ್ತರ 15 ಮಿ.ಮೀ. ಆದರೆ 225 ಮಿ.ಮೀ. ಸಿಗುತ್ತದೆ. ಮೂರೂ ದಿಕ್ಕಿನ ತುಂಡು ತೆಗೆಯಲು ಅಷ್ಟು ಬೇಕು. ಒಂದು ಗೋಡೆ ಸಾಲದು, ನಾಲ್ಕೈದು ಬೇಕಾಗುತ್ತದೆ. ಎರಡೂ ತುದಿಯ 100–150 ಮಿ.ಮೀ. ಬಿಟ್ಟುಬಿಡಿ. ನಳಿಕೆ ಅಲ್ಲಿ ನಿಧಾನವಾಗಿ ತಿರುಗುವುದರಿಂದ ಗಾರೆ ಹೆಚ್ಚು ಬಿದ್ದು ಎಳೆ ಉಬ್ಬಿರುತ್ತದೆ. ಗೋಡೆ ಹಸಿಯಿದ್ದಾಗಲೇ ಪದರಗಳನ್ನು ಗುರುತಿಸಿ. ಗಟ್ಟಿಯಾದ ಮೇಲೆ ಅಳಿಯದ ಶಾಯಿಯಲ್ಲಿ ಪ್ರಿಂಟಿನ ದಿಕ್ಕಿಗೆ ಬಾಣ, ಮೇಲ್ಭಾಗದ ಗುರುತು, ಪದರದ ಸಂಖ್ಯೆ ಬರೆಯಿರಿ. ತುಂಡಾದ ಮೇಲೆ ಯಾವುದು ಮೇಲು, ಯಾವುದು ಮಗ್ಗುಲು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಗುರುತಿಲ್ಲದ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕತ್ತರಿಸಲು ಆತುರ ಬೇಡ. ನೀರು ಹಾಯುವ ಡೈಮಂಡ್ ಬ್ಲೇಡಿನ ಗರಗಸ ಬಳಸಿ, 7 ದಿನ ತುಂಬಿದ ಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ಬ್ಲೇಡಿನ ನಡುಕಕ್ಕೆ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದು, ಪರೀಕ್ಷೆಯಲ್ಲಿ ಅದೇ ಸಂದಿನ ಬಲದಂತೆ ಕಾಣುತ್ತದೆ. ಬ್ಲೇಡನ್ನು ಪದರಕ್ಕೆ ಅಡ್ಡಲಾಗಿ ನಿಧಾನಕ್ಕೆ ಇಳಿಸಿ, ತುಂಡಿನ ಹೊರತುದಿಗೆ ಆಸರೆ ಕೊಡಿ. ಕೊನೆಯ ಒಂದು ಸೆಂಟಿಮೀಟರಿನಲ್ಲಿ ತುಂಡು ತನ್ನ ಭಾರಕ್ಕೇ ಮುರಿಯುವುದು ಸಾಮಾನ್ಯ.

ದಿಕ್ಕುಗಳಿಗೆ ಹೆಸರಿಡಿ: ನಳಿಕೆ ಸಾಗಿದ ದಿಕ್ಕು ಎಕ್ಸ್, ಗೋಡೆಯ ದಪ್ಪದ ದಿಕ್ಕು ವೈ, ಮೇಲ್ಮುಖ ಝಡ್. ಒತ್ತಡ ಪರೀಕ್ಷೆಗೆ 50 ಮಿ.ಮೀ. ಕ್ಯೂಬ್ ಸಾಕು. ಗಾರೆಯಲ್ಲಿ ಜಲ್ಲಿಯಿಲ್ಲ, ಮರಳಿನ ದೊಡ್ಡ ಕಣವೂ ಹೆಚ್ಚಾಗಿ 4–5 ಮಿ.ಮೀ. ಒಳಗೆ. ಆದರೆ ಕ್ಯೂಬಿನೊಳಗೆ ಕನಿಷ್ಠ ಎರಡು ಸಂದು ಇರಬೇಕು. ಪ್ರತಿ ದಿಕ್ಕಿಗೆ ಆರು ಕ್ಯೂಬ್, ಒಟ್ಟು 18. ಬಾಗುಪರೀಕ್ಷೆಗೆ 50×50×200 ಮಿ.ಮೀ. ಕಂಬಿಗಳು (ಉಕ್ಕಿನವಲ್ಲ, ಗೋಡೆಯಿಂದಲೇ ಕತ್ತರಿಸಿದ ಉದ್ದ ತುಂಡುಗಳು). ಇವುಗಳಲ್ಲಿ ಆರನ್ನಾದರೂ ಉದ್ದ ಝಡ್ ದಿಕ್ಕಿಗೆ ಬರುವಂತೆ ತೆಗೆಯಬೇಕು. ಆಗ ಸಂದುಗಳು ಕಂಬಿಗೆ ಅಡ್ಡಲಾಗಿ ಬರುತ್ತವೆ, ಬಾಗಿಸಿದಾಗ ಅವೇ ಎಳೆತಕ್ಕೆ ಸಿಗುತ್ತವೆ. ಎಷ್ಟೋ ವರದಿಗಳಲ್ಲಿ ಉದ್ದ ಎಕ್ಸ್ ದಿಕ್ಕಿನ ಕಂಬಿಗಳು ಮಾತ್ರ ಇರುತ್ತವೆ. ಅವು ಎಳೆಯ ಉದ್ದಕ್ಕೆ ಬಾಗುವುದರಿಂದ ಒಳ್ಳೆಯ ಅಂಕಿ ಕೊಡುತ್ತವೆ, ಸಂದಿನ ಸುದ್ದಿ ಹೇಳುವುದಿಲ್ಲ.

ಆಸರೆಗಳ ಅಂತರ 150 ಮಿ.ಮೀ. ಇಟ್ಟು, ಮೂರನೇ ಒಂದು ಭಾಗದ ಬಿಂದುಗಳಲ್ಲಿ ಭಾರ ಹೇರಿ. ಎರಡು ಬಿಂದುಗಳ ನಡುವೆ 50 ಮಿ.ಮೀ. ಉದ್ದಕ್ಕೆ ಬಾಗುಬಲ ಒಂದೇ ಸಮ ಇರುವುದರಿಂದ ಅಲ್ಲಿರುವ ಮೂರು ಸಂದುಗಳಲ್ಲಿ ದುರ್ಬಲವಾದದ್ದು ತಾನಾಗಿ ಮುರಿಯುತ್ತದೆ. ನಡುವೆ ಒಂದೇ ಬಿಂದುವಿನಲ್ಲಿ ಭಾರ ಹೇರಿದರೆ ಆ ಬಿಂದುವಿನ ಕೆಳಗೆ ಸಿಕ್ಕಿದ್ದು ಮಾತ್ರ ಪರೀಕ್ಷೆಯಾಗುತ್ತದೆ. ಲೆಕ್ಕ ಸುಲಭ: ಮುರಿದ ಭಾರವನ್ನು ಆಸರೆ ಅಂತರದಿಂದ ಗುಣಿಸಿ, ಅಗಲ ಮತ್ತು ಆಳದ ವರ್ಗದ ಗುಣಲಬ್ಧದಿಂದ ಭಾಗಿಸಿ. 3 ಕಿಲೋನ್ಯೂಟನ್‌ಗೆ ಮುರಿದರೆ 3.6 ಎಂಪಿಎ. ಭಾರ ಹೇರುವ ವೇಗ ನಿಮಿಷಕ್ಕೆ 0.7 ಎಂಪಿಎ. ಮುರಿದ ಮುಖವನ್ನು ತಪ್ಪದೆ ನೋಡಿ. ಸಂದಿನಲ್ಲಿ ನುಣ್ಣಗೆ ಬಿಟ್ಟಿದೆಯೋ, ಗಾರೆಯೇ ಹರಿದು ಒರಟಾಗಿದೆಯೋ ಎಂದು ಫೋಟೊ ಸಮೇತ ದಾಖಲಿಸಿ. ಒಂದೇ ಅಂಕಿಗೆ ಇವೆರಡು ಬೇರೆ ಬೇರೆ ಅರ್ಥ ಕೊಡುತ್ತವೆ.

ಇನ್ನೊಂದು ಮುಖ್ಯ ಕೆಲಸ: ಅದೇ ಗಾರೆಯನ್ನು ಅಚ್ಚಿಗೆ ಸುರಿದು, ಅದರಿಂದಲೂ 50 ಮಿ.ಮೀ. ಕ್ಯೂಬುಗಳನ್ನು ಗರಗಸದಲ್ಲೇ ಕತ್ತರಿಸಿ ತೆಗೆಯಿರಿ. 150 ಮಿ.ಮೀ. ಅಚ್ಚಿನ ಕ್ಯೂಬಿಗೆ 50 ಮಿ.ಮೀ. ಪ್ರಿಂಟೆಡ್ ಕ್ಯೂಬನ್ನು ಹೋಲಿಸಬೇಡಿ. ಸಣ್ಣ ಕ್ಯೂಬು ಸ್ವಭಾವತಃ ಹೆಚ್ಚು ಬಲ ತೋರಿಸುತ್ತದೆ, ಗರಗಸದ ಪೆಟ್ಟು ಸ್ವಲ್ಪ ಕಳೆಯುತ್ತದೆ. ಎರಡೂ ಕಡೆ ಅಳತೆ ಮತ್ತು ಕ್ರಮ ಒಂದೇ ಆಗಿದ್ದರೆ ಮಾತ್ರ ಉಳಿಯುವ ವ್ಯತ್ಯಾಸ ಪ್ರಿಂಟಿಂಗ್‌ನದು. ಸಾಮಾನ್ಯವಾಗಿ ಒತ್ತಡದಲ್ಲಿ ಎಕ್ಸ್ ದಿಕ್ಕು ಮುಂದಿರುತ್ತದೆ. ಬಾಗುವಿಕೆಯಲ್ಲಿ ಸಂದಿಗೆ ಅಡ್ಡವಾದ ಎಳೆತ ಎಲ್ಲಕ್ಕಿಂತ ಹಿಂದೆ ಬೀಳುತ್ತದೆ.

ಪ್ರಶ್ನೆ: ಕತ್ತರಿಸಿದ 50 ಮಿ.ಮೀ. ಕ್ಯೂಬುಗಳು ನಮ್ಮಲ್ಲಿಗೆ ಪರೀಕ್ಷೆಗೆ ಬಂದವು. ಒಂದೇ ಗೋಡೆಯವು, ಆದರೆ ಫಲಿತಾಂಶ 28ರಿಂದ 47 ಎಂಪಿಎವರೆಗೆ ಹರಡಿದೆ. ಯಂತ್ರದ ತಪ್ಪೇ, ಮಾದರಿಯ ತಪ್ಪೇ? – ಲ್ಯಾಬ್ ಟೆಕ್ನಿಶಿಯನ್, ಬೈಕಂಪಾಡಿ

ಎರಡನ್ನೂ ಪರಿಶೀಲಿಸಬೇಕು. ಯಂತ್ರದಿಂದಲೇ ಶುರು ಮಾಡಿ. ನಿಮ್ಮಲ್ಲಿರುವುದು 2,000 ಕಿಲೋನ್ಯೂಟನ್ ಸಾಮರ್ಥ್ಯದ ಸಾಮಾನ್ಯ ಸಿಟಿಎಂ (ಕ್ಯೂಬನ್ನು ಒತ್ತಿ ಒಡೆಯುವ ಯಂತ್ರ) ಇರಬಹುದು. 50 ಮಿ.ಮೀ. ಕ್ಯೂಬಿನ ಮುಖ 2,500 ಚದರ ಮಿ.ಮೀ.; 40 ಎಂಪಿಎಗೆ ಅದು ಒಡೆಯುವುದು 100 ಕಿಲೋನ್ಯೂಟನ್‌ನಲ್ಲಿ. ಅಂದರೆ ಯಂತ್ರದ ಶೇ. 5 ಮಾತ್ರ. ಅಷ್ಟು ಕೆಳಗೆ ಅದರ ಓದನ್ನು ನಂಬುವಂತಿಲ್ಲ. ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನಲ್ಲಿ ಯಾವ ಭಾರದಿಂದ ಮೇಲೆ ಪರಿಶೀಲಿಸಿದ್ದಾರೆ ಎಂದು ನೋಡಿ. ಸಿಮೆಂಟ್ ಕ್ಯೂಬ್ ಒಡೆಯುವ 200–300 ಕಿಲೋನ್ಯೂಟನ್ ಯಂತ್ರವಿದ್ದರೆ ಈ ಕೆಲಸಕ್ಕೆ ಅದೇ ಸರಿ.

ಎರಡನೆಯದು ವೇಗ. ಐಎಸ್ 516 ಹೇಳುವುದು ನಿಮಿಷಕ್ಕೆ 14 ಎಂಪಿಎ. 150 ಮಿ.ಮೀ. ಕ್ಯೂಬಿಗೆ ಅದು ನಿಮಿಷಕ್ಕೆ 315 ಕಿಲೋನ್ಯೂಟನ್. ಕೈ ಅದಕ್ಕೇ ಒಗ್ಗಿರುತ್ತದೆ. 50 ಮಿ.ಮೀ. ಕ್ಯೂಬಿಗೆ ನಿಮಿಷಕ್ಕೆ 35 ಸಾಕು. ಹಳೆಯ ಅಭ್ಯಾಸದಲ್ಲಿ ವಾಲ್ವ್ ತೆರೆದರೆ, ಮೂರು ನಿಮಿಷ ತಗಲಬೇಕಾದ ಪರೀಕ್ಷೆ 20 ಸೆಕೆಂಡಿನಲ್ಲಿ ಮುಗಿದು ಬಲ ಹೆಚ್ಚು ಕಾಣುತ್ತದೆ. 47 ಬಂದ ಕ್ಯೂಬಿಗೆ ಎಷ್ಟು ಹೊತ್ತು ಹಿಡಿದಿತ್ತು ಎಂದು ದಾಖಲೆ ನೋಡಿ.

ಮೂರನೆಯದು ಮುಖಗಳ ಸಮತಲ. ಗೋಡೆಯ ಮಗ್ಗುಲು ಅಲೆಅಲೆಯಾಗಿರುತ್ತದೆ. ವೈ ದಿಕ್ಕಿನ ಕ್ಯೂಬಿನಲ್ಲಿ ಆ ಅಲೆಯೇ ಪ್ಲೇಟಿಗೆ ತಾಗಿದರೆ ಉಬ್ಬುಗಳ ತುದಿ ಮಾತ್ರ ಭಾರ ಹೊತ್ತು ಬೇಗ ಸಿಡಿಯುತ್ತದೆ. ಅಲೆ ಪೂರ್ತಿ ಹೋಗುವವರೆಗೆ ಕತ್ತರಿಸಿ, ಆಮೇಲೆ ಉಜ್ಜಿ. ಸ್ಟೀಲಿನ ನೇರಪಟ್ಟಿ ಇಟ್ಟು ಫೀಲರ್ ಗೇಜು ಹಾಕಿದಾಗ 0.05 ಮಿ.ಮೀ. ಎಲೆ ಒಳಗೆ ನುಸುಳಬಾರದು. ನುಸುಳಿದರೆ ಗಂಧಕದ ಅಥವಾ ಗಟ್ಟಿ ಜಿಪ್ಸಮ್‌ನ ತೆಳು ಕ್ಯಾಪಿಂಗ್ ಮಾಡಿ. ಮೂಲೆಮಟ್ಟ ಇಟ್ಟು ಚೌಕ ಪರೀಕ್ಷಿಸಿ. ಪ್ರತಿ ಕ್ಯೂಬಿನ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಅದರದೇ ವಿಸ್ತೀರ್ಣದಿಂದ ಭಾಗಿಸಿ. ‘50 ಇದೆ’ ಎಂದುಕೊಂಡ ಬದಿ 48 ಇದ್ದರೆ ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಶೇ. 8 ವ್ಯತ್ಯಾಸ.

ಒದ್ದೆಯ ಕ್ಯೂಬಿಗಿಂತ ಒಣ ಕ್ಯೂಬು ಹೆಚ್ಚು ತೋರಿಸುತ್ತದೆ. ಎಲ್ಲವನ್ನೂ 48 ಗಂಟೆ ನೀರಿನಲ್ಲಿಟ್ಟು, ಮೇಲ್ಮೈ ಒರೆಸಿ, ಕೂಡಲೇ ಪರೀಕ್ಷಿಸಿ.

ಇಷ್ಟು ಸರಿಪಡಿಸಿದ ಮೇಲೂ ಹರಡು ಉಳಿದರೆ ಅದು ಗೋಡೆಯದೇ. ಮೊದಲು ಎಕ್ಸ್, ವೈ, ಝಡ್ ಕ್ಯೂಬುಗಳನ್ನು ಬೇರೆ ಬೇರೆ ಮಾಡಿ. ಮೂರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದರೆ ಅರ್ಧ ರಹಸ್ಯ ಅಲ್ಲೇ ಬಿಡಿಸಿಕೊಳ್ಳುತ್ತದೆ. ಉಳಿದದ್ದಕ್ಕೆ ಒಡೆದ ತುಂಡುಗಳನ್ನು ನೋಡಿ. ಅಕ್ಕಪಕ್ಕದ ಎರಡು ಎಳೆಗಳ ನಡುವೆ ಉದ್ದುದ್ದ ತೂತು ಕಂಡರೆ ಎಳೆಗಳ ಅಂತರ ಹೆಚ್ಚಾಗಿದೆ. ದುಂಡು ಗುಳ್ಳೆ ಕಂಡರೆ ಗಾರೆ ತುಂಬುವ ಹಾಪರ್‌ನಲ್ಲಿ ಗಾರೆ ತಗ್ಗಿ ಪಂಪು ಗಾಳಿ ಎಳೆದಿದೆ. ಪದರದ ನಡುವೆ ಚಪ್ಪಟೆ ಬಿಳಿ ಗೆರೆ ಕಂಡರೆ ಮೇಲ್ಮೈ ಒಣಗಿತ್ತು.

ಕಡಿಮೆ ಬಂದ ಕ್ಯೂಬನ್ನು ಪಟ್ಟಿಯಿಂದ ತೆಗೆದುಬಿಡುವ ಆಸೆಗೆ ಬೀಳಬೇಡಿ. ಅಚ್ಚಿನ ಕ್ಯೂಬಿನಲ್ಲಿ ಒಂದು ಕಡಿಮೆ ಬಂದರೆ ಮಾದರಿ ಕೆಟ್ಟಿರಬಹುದು. ಪ್ರಿಂಟೆಡ್ ಗೋಡೆಯಲ್ಲಿ ಆ ತುಂಡು ಗೋಡೆಯ ಒಂದು ಭಾಗ, ಅಂಥ ಭಾಗಗಳು ಇನ್ನೂ ಇವೆ. ಸರಾಸರಿಯಿಂದ 1.65 ಪಟ್ಟು ಮಾನಕ ವಿಚಲನೆ (ಅಂಕಿಗಳ ಹರಡಿನ ಅಳತೆ) ಕಳೆದು ಬಂದದ್ದನ್ನೇ ಬಲ ಎಂದು ಬರೆಯಿರಿ. ಸರಾಸರಿ 38, ವಿಚಲನೆ 5 ಇದ್ದರೆ ಉಳಿಯುವುದು 29.75. ಎಂ30ಕ್ಕೆ ಕೂದಲೆಳೆಯಷ್ಟು ಕಡಿಮೆ. 38 ಎಂದು ಬರೆದು ಕಳುಹಿಸಿದ ವರದಿ ನೋಡಿದವರು ಇದನ್ನು ಊಹಿಸಲಾರರು.

ಪ್ರಶ್ನೆ: ಗೋಡೆ ಒಂದೂವರೆ ಮೀಟರ್ ಏರಿದಾಗ ಕರೆಂಟು ಹೋಗಿ ಒಂದು ಗಂಟೆ ನಿಂತಿತು. ಆಮೇಲೆ ಹಾಗೆಯೇ ಮುಂದುವರಿಸಿದ್ದಾರೆ. ಆ ಜಾಗದ ಬಲ ಪರೀಕ್ಷಿಸಲು ಸಾಧ್ಯವೇ? – ಮನೆ ಕಟ್ಟಿಸುತ್ತಿರುವವರು, ಬ್ರಹ್ಮಾವರ

ಸಾಧ್ಯ. ಪರೀಕ್ಷಿಸಲೇಬೇಕು. ನಿಂತ ಎತ್ತರ ಯಾವುದೆಂದು ಆಪರೇಟರ್ ಹತ್ತಿರ ಪದರದ ಸಂಖ್ಯೆ ಕೇಳಿ ಪಡೆಯಿರಿ, ಯಂತ್ರದ ದಾಖಲೆಯಲ್ಲಿ ಸಮಯ ಸಮೇತ ಸಿಗುತ್ತದೆ.

ಕೆಲವರು ಗೋಡೆಯ ಮುಖಕ್ಕೆ ಲೋಹದ ಬಿಲ್ಲೆ ಅಂಟಿಸಿ ಎಳೆಯುವ ಪುಲ್-ಆಫ್ ಪರೀಕ್ಷೆ ಮಾಡೋಣ ಎನ್ನುತ್ತಾರೆ. ಅದು ಇಲ್ಲಿ ಉಪಯೋಗಕ್ಕೆ ಬಾರದು. ನಿಮ್ಮ ಸಂದು ಅಡ್ಡಕ್ಕೆ ಮಲಗಿದೆ. ಮುಖದಿಂದ ಎಳೆದರೆ ಸಂದಿಗೆ ಸಮಾನಾಂತರವಾಗಿ ಎಳೆದಂತಾಯಿತು. ಪುಲ್-ಆಫ್ ಹೊಂದುವುದು ಗೋಡೆಯ ತಲೆಯ ಮೇಲಿನಿಂದ, ಸಂದನ್ನು ದಾಟುವಷ್ಟು ಕೊರೆದು ಮೇಲಕ್ಕೆ ಎಳೆಯುವಾಗ ಮಾತ್ರ. 50 ಮಿ.ಮೀ. ಬಿಲ್ಲೆ 2.4 ಕಿಲೋನ್ಯೂಟನ್‌ಗೆ ಕಿತ್ತರೆ ಸುಮಾರು 1.2 ಎಂಪಿಎ. ಆದರೆ ನಿಮ್ಮ ಗೋಡೆ ಈಗ ಅದಕ್ಕಿಂತ ಎಷ್ಟೋ ಮೇಲೇರಿದೆ.

ನಿಮಗೆ ಹೊಂದುವುದು ಕೋರ್ (ಕೊರೆದು ತೆಗೆದ ಉರುಳೆಯಾಕಾರದ ತುಂಡು) ಸೀಳು ಪರೀಕ್ಷೆ. ಅನುಮಾನದ ಸಂದಿನ ಗೆರೆಯ ಮೇಲೆಯೇ ಡ್ರಿಲ್ಲಿನ ಕೇಂದ್ರ ಇಟ್ಟು, ಗೋಡೆಗೆ ಲಂಬವಾಗಿ 75 ಮಿ.ಮೀ. ವ್ಯಾಸದ ಕೋರ್ ತೆಗೆಸಿ. ಸಂದು ಕೋರಿನ ವ್ಯಾಸದ ಮೇಲೆ ಸರಿಯಾಗಿ ಹಾಯಬೇಕು. 5 ಮಿ.ಮೀ. ತಪ್ಪಿದರೂ ಆ ಕೋರ್ ಬೇಡ. ಸಿಟಿಎಂನಲ್ಲಿ ಸಂದಿನ ಗೆರೆ ನೆಟ್ಟಗೆ ನಿಲ್ಲುವಂತೆ ಮಲಗಿಸಿ, ಮೇಲೂ ಕೆಳಗೂ ತೆಳು ಪ್ಲೈವುಡ್ ಪಟ್ಟಿ ಇಟ್ಟು ಒತ್ತಿದರೆ ಕೋರ್ ಅದೇ ಗೆರೆಯಲ್ಲಿ ಸೀಳುತ್ತದೆ. 50 ಮಿ.ಮೀ. ಉದ್ದದ ಕೋರ್ 8 ಕಿಲೋನ್ಯೂಟನ್‌ಗೆ ಸೀಳಿದರೆ ಎಳೆತ ಬಲ 1.36 ಎಂಪಿಎ. ಆ ಸಂದಿನಿಂದ ಕನಿಷ್ಠ ಮೂರು ಕೋರ್, ಅನುಮಾನವಿಲ್ಲದ ಬೇರೆ ಸಂದಿನಿಂದ ಮೂರು ಕೋರ್ ತೆಗೆಸಿ ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಪೊಳ್ಳಿನಲ್ಲಿ ಕಂಬಿ ನಿಲ್ಲಿಸಿ ಕಾಂಕ್ರೀಟು ತುಂಬುವುದೋ, ಮೇಲಿನ ಭಾಗ ಇಳಿಸುವುದೋ ಎಂದು ಡಿಸೈನ್ ಇಂಜಿನಿಯರು ತೀರ್ಮಾನಿಸಲಿ. ಕೋರಿನ ತೂತುಗಳನ್ನು ಕುಗ್ಗದ ಗ್ರೌಟಿನಿಂದ ಮುಚ್ಚಿಸಿ.

ಮುಂದಿನ ಸಲ ನಿಂತಾಗ ತಲೆಯ ಪದರವನ್ನು ಕೂಡಲೇ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಬೆಸುಗೆ ಕೆಡಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಒಣಗುವಿಕೆ. ಏಪ್ರಿಲ್ ಮಧ್ಯಾಹ್ನ ಕಡಲಗಾಳಿ ಬೀಸುವಾಗ ಹತ್ತು ನಿಮಿಷ ಬಿಟ್ಟ ಪದರ, ಮುಚ್ಚಿಟ್ಟ ಅರ್ಧ ಗಂಟೆಯ ಪದರಕ್ಕಿಂತ ಕೆಟ್ಟಿರಬಹುದು. ಕೆಲಸ ಶುರುವಾಗುವ ಮೊದಲೇ 2, 10, 30, 60 ನಿಮಿಷದ ಅಂತರದ ತುಂಡುಗಳನ್ನು ಪ್ರಿಂಟ್ ಮಾಡಿ, ಸೀಳಿ, ಎಷ್ಟು ನಿಮಿಷದವರೆಗೆ ಹಾಗೆಯೇ ಮುಂದುವರಿಸಬಹುದು ಎಂದು ಆ ಗಾರೆಗೆ ಆ ಹವೆಯಲ್ಲಿ ನಿಗದಿ ಮಾಡಿಕೊಳ್ಳಬೇಕು. ಮಿತಿ ಮೀರಿದರೆ ಗಟ್ಟಿಯಾಗಲು ಬಿಟ್ಟು, ತಂತಿ ಬ್ರಶ್ಶಿನಿಂದ ಮೇಲಿನ ಹಾಲುಪದರ ಉಜ್ಜಿ ತೆಗೆದು, ತೊಳೆದು, ನೀರು ನಿಲ್ಲದಷ್ಟು ಒದ್ದೆಯಿದ್ದಾಗ ಪಾಲಿಮರ್ ಬೆರೆಸಿದ ಸಿಮೆಂಟ್ ಸ್ಲರಿ ಬಳಿದು ಮುಂದುವರಿಸಿ. ಮೊದಲ ಪದರಕ್ಕೆ ನಳಿಕೆಯನ್ನು ಒಂದೆರಡು ಮಿ.ಮೀ. ತಗ್ಗಿಸಿದರೆ ಗಾರೆ ಒತ್ತಿ ಕೂರುತ್ತದೆ. ಮಳೆ ಹನಿ ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ. ನೀರು ಕುಡಿದ ಗಾರೆಯನ್ನು ಕರಣೆಯಿಂದ ಕೆರೆದು ತೆಗೆಯಲೇಬೇಕು.

ಪ್ರಶ್ನೆ: ಗೋಡೆ ಕೊರೆಯದೆ ರಿಬೌಂಡ್ ಹ್ಯಾಮರ್‌ನಲ್ಲಿ (ಬಡಿದು, ಪುಟಿಯುವುದನ್ನು ನೋಡಿ ಗಟ್ಟಿತನ ಅಂದಾಜಿಸುವ ಸಾಧನ) ನೋಡಿದರೆ ಸಾಲದೇ? – ಸೈಟ್ ಸೂಪರ್‌ವೈಸರ್, ಕಾರ್ಕಳ

ಸಾಲದು. ಅಲೆಯಂಥ ಮುಖದಲ್ಲಿ ಹ್ಯಾಮರ್ ಉಬ್ಬಿಗೆ ಬಡಿದರೆ ಒಂದು ಅಂಕಿ, ಅದರ ಇಳುಕಲಿಗೆ ಬಡಿದರೆ ಇನ್ನೊಂದು. 50 ಮಿ.ಮೀ. ತೆಳು ಗೋಡೆ ಪೆಟ್ಟಿಗೆ ಅದುರುವುದರಿಂದ ಓದು ಕಡಿಮೆ ಬರುತ್ತದೆ. ಜಲ್ಲಿಯಿರುವ ಕಾಂಕ್ರೀಟಿಗೆ ಮಾಡಿದ ಹ್ಯಾಮರ್ ಪಟ್ಟಿ ಜಲ್ಲಿಯಿಲ್ಲದ ಗಾರೆಗೆ ಹೊಂದುವುದೂ ಇಲ್ಲ. ಅಲ್ಟ್ರಾಸಾನಿಕ್ (ಗೋಡೆಯೊಳಗೆ ಶಬ್ದದ ಅಲೆ ಹಾಯಿಸಿ ಅದರ ವೇಗ ಅಳೆಯುವ ಪರೀಕ್ಷೆ) ತುಸು ವಾಸಿ: ಒಂದೇ ಎಳೆಯ ಉದ್ದಕ್ಕೆ ಅಳೆದ ವೇಗಕ್ಕೂ, ಸಂದುಗಳನ್ನು ದಾಟಿ ಮೇಲಿನಿಂದ ಕೆಳಕ್ಕೆ ಅಳೆದ ವೇಗಕ್ಕೂ ಬಹಳ ಅಂತರವಿದ್ದರೆ ಸಂದಿನಲ್ಲಿ ಟೊಳ್ಳಿದೆ ಎಂದು ಅರ್ಥ. ಎಲ್ಲಿ ಕೊರೆಯಬೇಕು ಎಂದು ಹುಡುಕಲು ಇವು ಸಹಾಯ ಮಾಡುತ್ತವೆ, ಬಲದ ಅಂಕಿ ಕೊಡುವುದಿಲ್ಲ.

ಪ್ರಶ್ನೆ: ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮಲ್ಲಿ ಬಲದ ಪರೀಕ್ಷೆಯ ಜೊತೆ ಇನ್ನೇನು ನೋಡಬೇಕು? – ಇಂಜಿನಿಯರ್, ಮಲ್ಪೆ

ಐಎಸ್ 456:2000ರ ಪ್ರಕಾರ ಕರಾವಳಿ ಹವೆಗೆ ತೆರೆದ ಕಾಂಕ್ರೀಟು ‘ತೀವ್ರ’ ವರ್ಗಕ್ಕೆ ಸೇರುತ್ತದೆ: ಕಂಬಿಯಿದ್ದರೆ ಕನಿಷ್ಠ ಎಂ30, ನೀರು–ಸಿಮೆಂಟ್ ಪ್ರಮಾಣ 0.45 ಮೀರಬಾರದು. ಅಲೆಯ ತುಂತುರು ತಾಗುವ ಜಾಗಕ್ಕೆ ಎಂ35. ಪ್ರಿಂಟಿಂಗ್ ಗಾರೆಯಲ್ಲಿ ಸಿಮೆಂಟು ಧಾರಾಳ ಇರುವುದರಿಂದ ಕಾಗದದಲ್ಲಿ ಇದು ಸುಲಭವಾಗಿ ದಾಟುತ್ತದೆ. ತೊಂದರೆ ಇಲ್ಲೂ ಸಂದಿನದೇ. ಬೆಸೆಯದ ಸಂದು ನೀರಿಗೂ ಉಪ್ಪಿಗೂ ಬಾಗಿಲು.

ಪರೀಕ್ಷೆ ಕಷ್ಟವಲ್ಲ. ಕತ್ತರಿಸಿದ ತುಂಡಿನ ಒಂದು ಮಗ್ಗುಲು ಬಿಟ್ಟು ಉಳಿದ ಮುಖಗಳಿಗೆ ಎಪಾಕ್ಸಿ ಬಳಿದು, ಶೇ. 3.5ರ ಉಪ್ಪುನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡಿ. ಆಮೇಲೆ ಸಂದಿಗೆ ಅಡ್ಡಲಾಗಿ ಸೀಳಿ, ಹೊಸ ಮುಖಕ್ಕೆ 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಸಿಂಪಡಿಸಿ. ಉಪ್ಪು ಹೊಕ್ಕ ಭಾಗ ಬೆಳ್ಳಗೆ, ಹೊಗದ ಭಾಗ ಕಂದಾಗಿ ಕಾಣುತ್ತದೆ. ಬೆಳ್ಳಗಿನ ಗೆರೆ ಒಂದೇ ಸಮ ಇದ್ದರೆ ಒಳ್ಳೆಯದು. ಸಂದಿನ ಜಾಗದಲ್ಲಿ ಬಾಣದಂತೆ ಒಳಗೆ ಚಾಚಿದ್ದರೆ ಆ ಸಂದಿನಲ್ಲಿ ಅಡ್ಡಕಂಬಿ ಇಡುವ ಡಿಸೈನನ್ನು ಒಪ್ಪಬೇಡಿ. ಕಂಬಿ ಪೊಳ್ಳಿನೊಳಗಿನ ಕಾಂಕ್ರೀಟಿಗೆ ಹೋಗಲಿ. ಹಾಗೆ ತುಂಬುವ ಕಾಂಕ್ರೀಟಿಗೆ ಮಾಮೂಲಿ 150 ಮಿ.ಮೀ. ಕ್ಯೂಬ್ ಬೇರೆಯೇ ತೆಗೆಯಬೇಕು.

ಮಳೆಗಾಲದಲ್ಲಿ ಮರಳಿನ ಮೇಲೆ ಕಣ್ಣಿಡಿ. ಘನ ಮೀಟರಿಗೆ 550 ಕೆ.ಜಿ. ಸಿಮೆಂಟು, 220 ಲೀಟರ್ ನೀರು, 1,200 ಕೆ.ಜಿ. ಮರಳಿನ ಗಾರೆ ಎನ್ನೋಣ. ಮರಳಿನ ತೇವ ಶೇ. 2 ಹೆಚ್ಚಿದರೆ ಗೊತ್ತಿಲ್ಲದೆ 24 ಲೀಟರ್ ನೀರು ಸೇರಿ, 0.40 ಇದ್ದ ಪ್ರಮಾಣ 0.44 ಆಗುತ್ತದೆ. ಬಲವೂ ತಗ್ಗುತ್ತದೆ, ಪದರವೂ ಜಗ್ಗುತ್ತದೆ. ಎಂ-ಸ್ಯಾಂಡ್ ರಾಶಿಯನ್ನು ಶೀಟಿನಡಿ ಇಟ್ಟು, ಬೆಳಿಗ್ಗೆ ಮತ್ತು ಮಧ್ಯಾಹ್ನ ಒಂದು ಹಿಡಿ ಮರಳನ್ನು ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ ತೇವ ನೋಡಿ ನೀರು ಕಡಿತ ಮಾಡಿ.

ಪ್ರಶ್ನೆ: ಪ್ರಿಂಟೆಡ್ ಗೋಡೆಯ ಪರೀಕ್ಷೆಗೆ ಯಾವ ಸ್ಟ್ಯಾಂಡರ್ಡ್ ಹಿಡಿಯಬೇಕು? ಸೈಟಿನಲ್ಲಿ ದಿನಾ ಏನು ಮಾಡಬೇಕು? – ಪಂಚಾಯತ್ ಇಂಜಿನಿಯರ್, ಮೂಡುಬಿದಿರೆ

ಐಎಸ್ 456 ಮತ್ತು ಐಎಸ್ 516 ಅಚ್ಚಿಗೆ ಸುರಿಯುವ ಕಾಂಕ್ರೀಟನ್ನು ಮನಸ್ಸಿನಲ್ಲಿಟ್ಟು ಬರೆದವು. ಭಾರ ಹೇರುವ ವೇಗ, ಕೋರ್ ತೆಗೆಯುವ ಕ್ರಮಕ್ಕೆ ಅವನ್ನೇ ಬಳಸಿ. ದಿಕ್ಕು ಮತ್ತು ಸಂದಿನ ನಿಯಮಗಳನ್ನು ಟೆಂಡರ್ ಕಾಗದದಲ್ಲಿ ನೀವೇ ಸೇರಿಸಬೇಕು. ಪ್ರಿಂಟೆಡ್ ಕಟ್ಟಡಗಳ ಅರ್ಹತೆಯ ತತ್ವಗಳಿಗೆ ಐಎಸ್‌ಒ/ಎಎಸ್‌ಟಿಎಂ 52939:2023 ಇದೆ. ಅದು ಗಾರೆಯ ಜೊತೆಗೆ ಯಂತ್ರ ಮತ್ತು ಪ್ರಿಂಟ್ ಮಾಡುವ ಕ್ರಮವನ್ನೂ ಪರಿಶೀಲಿಸಬೇಕೆನ್ನುತ್ತದೆ.

ದಿನದ ಕೆಲಸಕ್ಕೆ ನಮ್ಮ ಸಲಹೆ: ಗೋಡೆಯ ಪಕ್ಕದಲ್ಲೇ ಒಂದು ಮೀಟರಿನ ಜೊತೆಗೋಡೆಯನ್ನು ಅದೇ ಸುತ್ತಿನಲ್ಲಿ ಸೇರಿಸಿ. ನಳಿಕೆ ಪ್ರತಿ ಸುತ್ತಿನಲ್ಲೂ ಅದನ್ನು ಹಾದು ಬರಲಿ. ಆಗ ಅದರ ಸಂದಿಗೂ ನಿಜಗೋಡೆಯ ಸಂದಿಗೂ ಕಾಯುವ ಸಮಯ, ಬಿಸಿಲು, ಗಾಳಿ ಎಲ್ಲ ಒಂದೇ. ಗೋಡೆಗೆ ಹೇಗೆ ಗೋಣಿ ಹೊದೆಸಿ ಕ್ಯೂರಿಂಗ್ ಮಾಡುತ್ತೀರೋ ಅದಕ್ಕೂ ಹಾಗೆಯೇ ಮಾಡಿ, ತೊಟ್ಟಿಗೆ ಹಾಕಬೇಡಿ. ಪ್ರತಿ ದಿನದ ಜೊತೆಗೋಡೆಯಿಂದ ಝಡ್ ದಿಕ್ಕಿನ ಮೂರು ಬಾಗುಕಂಬಿ, ಮೂರು ಕ್ಯೂಬು. ಅಚ್ಚಿನ ಕ್ಯೂಬುಗಳನ್ನೂ ತೆಗೆಯಿರಿ. ಗಾರೆ ದಿನದಿಂದ ದಿನಕ್ಕೆ ಬದಲಾಗಿದೆಯೇ ಎಂದು ಅವು ಹೇಳುತ್ತವೆ.

ಗೋಡೆಯ ಅಗಲವನ್ನು ಉಬ್ಬಿನಲ್ಲಿ ಅಳೆಯಬೇಡಿ, ಎರಡು ಎಳೆಗಳ ನಡುವಿನ ತಗ್ಗಿನಲ್ಲಿ ಅಳೆಯಿರಿ. ಡ್ರಾಯಿಂಗಿನಲ್ಲಿ 50 ಮಿ.ಮೀ. ಇದ್ದು ತಗ್ಗಿನಲ್ಲಿ 42 ಸಿಕ್ಕಿದರೆ ಭಾರ ಹೊರುವ ವಿಸ್ತೀರ್ಣ ಶೇ. 16 ಕಡಿಮೆ, ಬಾಗುವಿಕೆ ತಡೆಯುವ ಶಕ್ತಿ ಶೇ. 29 ಕಡಿಮೆ. ಬಿಲ್ ಪಾಸ್ ಮಾಡುವ ಮೊದಲು ಪ್ರತಿ ಗೋಡೆಯಲ್ಲಿ ಹತ್ತು ಕಡೆ ಈ ಅಳತೆ ತೆಗೆದು, ಅತಿ ಕಡಿಮೆ ಬಂದದ್ದನ್ನು ಡಿಸೈನ್ ಮಾಡಿದವರಿಗೆ ಕಳುಹಿಸಿ, ಲೆಕ್ಕವನ್ನು ಆ ಅಗಲಕ್ಕೆ ಮತ್ತೊಮ್ಮೆ ಮಾಡಿಸಿ.